ಮಂಗಳವಾರದ ಮಳೆ

ಜ್ಯೋತಿಲಕ್ಷ್ಮಿಗೆ ಸಿಟ್ಟೇ ಬರುವುದಿಲ್ಲ, ಹೆತ್ತರೆ ಇಂಥ ಮಗಳನ್ನು ಹೆರಬೇಕು ಎಂದು ಹಟ್ಟಿಯ ಹೆಂಗಸರು ಹೇಳುತ್ತಿದ್ದರು. ಎರಡು ಸಾವಿರದ ನಾಲ್ಕನೇ ಇಸವಿಯ ಮಳೆಗಾಲ ಮುಗಿಯುವ ಹೊತ್ತಿಗೆ ಆ ಮಾತು ಆಡುವವರು ಯಾರೂ ಉಳಿದಿರಲಿಲ್ಲ. ಅವಳ ಸಿಟ್ಟು ಒಲೆ ಮೇಲಿನ ಹಾಲಿನ ಹಾಗೆ. ಉಕ್ಕುವ ತನಕ ಸದ್ದೇ ಇಲ್ಲ, ಉಕ್ಕಿದರೆ ಒಲೆಯೂ ಆರಬೇಕು.

ಹಟ್ಟಿ ಇರುವುದು ಕೊಂಡ್ಲಹಳ್ಳಿಯಿಂದ ಮೂರು ಮೈಲಿ ಒಳಗೆ. ಅಪ್ಪ ಜಯಣ್ಣ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದ, ಭಾನುವಾರ ಮಾತ್ರ ಮನೆಗೆ ಬರುತ್ತಿದ್ದ. ಅವ್ವ ಪಾಲಮ್ಮ ಕೂಲಿಗೆ ಹೋಗುತ್ತಿದ್ದಳು. ಇಬ್ಬರಿಗೂ ಇವಳೊಬ್ಬಳೇ. ಹೈಸ್ಕೂಲಿನಿಂದಲೂ ಹಾಸ್ಟೆಲ್ಲಿನಲ್ಲಿದ್ದುಕೊಂಡು ಓದಿದಳು. ಮೊದಲು ಚಳ್ಳಕೆರೆ, ಆಮೇಲೆ ಚಿತ್ರದುರ್ಗ. ಬಿ.ಎಸ್ಸಿಯಲ್ಲಿ ಗಣಿತದ ಜೊತೆ ಸಂಖ್ಯಾಶಾಸ್ತ್ರ ತೆಗೆದುಕೊಂಡಿದ್ದಳು. ಅದೇನು ಶಾಸ್ತ್ರ ಎಂದು ಕೇಳಿದವರಿಗೆಲ್ಲ ಒಂದೇ ತಾಳ್ಮೆಯಿಂದ ಹೇಳುತ್ತಿದ್ದಳು. ಹಿಂದೆ ಆದದ್ದನ್ನು ಅಂಕಿಯಲ್ಲಿ ಬರೆದಿಟ್ಟು, ಅದರಿಂದ ಮುಂದೆ ಆಗುವುದನ್ನು ಅಂದಾಜು ಮಾಡುವುದು. ಅಂದಾಜು ಎಷ್ಟು ತಪ್ಪಬಹುದು ಎಂಬುದನ್ನೂ ಮೊದಲೇ ಹೇಳುವುದು.

ಈ ಕೊನೆಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಬಸ್ಸು ನಿಲ್ಲುವ ಕಡೆ ಚಹದ ಅಂಗಡಿ ಇಟ್ಟಿದ್ದ ದಾಸಣ್ಣ ಅವಳನ್ನು ಕಂಡಾಗಲೆಲ್ಲ ಕೆಣಕುತ್ತಿದ್ದ. "ಬಂದ್ಲಪ್ಪ ನಮ್ಮ ಜೋಯ್ಸರು! ಯವ್ವಾ ಜೋತಿ, ನಮ್ಮ ಮೇಕೆ ಗಬ್ಬ ಆಗೈತೆ. ಒಂದು ಮರಿ ಹಾಕ್ತದೋ ಎಲ್ಡು ಮರಿ ಹಾಕ್ತದೋ ಹೇಳು ನೋಡಾನ."

"ಹೋದ ಸತಿ ಎಷ್ಟು ಹಾಕಿತ್ತು ಮಾವ? ಅದರ ಹೋದ ಸತಿ?"

"ನಂಗೆ ನೆಪ್ಪಿದ್ರೆ ನಿನ್ನ ಯಾಕೆ ಕೇಳ್ಳಿ? ನೆಪ್ಪಿಲ್ದಿದ್ರೂ ಹೇಳೋದು ವಿದ್ಯೆ. ಇದು ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಯೋ ಕೆಲ್ಸ ಬಿಡು."

ಅವಳು ಮುಖ ತಿರುಗಿಸಿಕೊಂಡು ಬಸ್ಸು ಹತ್ತುತ್ತಿದ್ದಳು. ಇಂಥದ್ದು ವಾರಕ್ಕೆ ಎರಡು ಸಲ ಇದ್ದದ್ದೇ. ಸೋಮವಾರ, ಗುರುವಾರ ಅವಳು ಚಳ್ಳಕೆರೆಯ ಕಂಪ್ಯೂಟರ್ ಸೆಂಟರಿಗೆ ಹೋಗಿ ಕಡೇ ಬಸ್ಸಿಗೆ ವಾಪಸು ಬರುತ್ತಿದ್ದಳು.

ಹೋಗುವುದಕ್ಕೆ ಕಾರಣ ಒಂದು ಕಾಗದ. ಅನಂತಪುರದಲ್ಲಿ ಒಂದು ಸಂಸ್ಥೆ ಇತ್ತು. ಶೇಂಗಾ ಕೀಳುವುದಕ್ಕೆ ತಿಂಗಳು ಮುಂಚೆಯೇ, ಈ ಸಲ ಯಾವ ತಾಲ್ಲೂಕಿನಲ್ಲಿ ಎಷ್ಟು ಬೆಳೆ ಬಂದೀತು ಎಂದು ಲೆಕ್ಕ ಹಾಕಿ ಹೇಳುವುದು ಅದರ ಕೆಲಸ. ಕೆಲಸಕ್ಕೆ ಇಬ್ಬರು ಬೇಕಾಗಿದ್ದರು. ಅರ್ಜಿ ಹಾಕಿದವರೆಲ್ಲ ಮೊದಲು ಒಂದು ವರದಿ ಮಾಡಿ ಕಳಿಸಬೇಕು. ತಮಗೆ ಗೊತ್ತಿರುವ ಒಂದು ಊರಿನ ಹತ್ತು ವರ್ಷದ ಮಳೆ, ಹತ್ತು ವರ್ಷದ ಬೆಳೆ ಹಿಡಿಯಬೇಕು. ಮೊದಲ ಒಂಬತ್ತು ವರ್ಷ ಇಟ್ಟುಕೊಂಡು ಹತ್ತನೇ ವರ್ಷದ ಬೆಳೆಯನ್ನು ಅಂದಾಜು ಮಾಡಬೇಕು. ನಿಜವಾದ ಬೆಳೆಗೂ ಅಂದಾಜಿಗೂ ಎಷ್ಟು ಅಂತರ ಬಂತು, ಯಾಕೆ ಬಂತು ಎಂದು ಬರೆಯಬೇಕು. ಸೆಪ್ಟೆಂಬರ್ ಮೂವತ್ತಕ್ಕೆ ಅದು ಅನಂತಪುರ ಮುಟ್ಟಬೇಕು.

ಆಗದಿದ್ದರೆ ಏನು ಎಂಬುದೂ ತೀರ್ಮಾನವಾಗಿತ್ತು. ಮಿಲ್ಲಿನ ಯಜಮಾನರಾದ ಶಿವಮೂರ್ತಪ್ಪನವರು ಜಯಣ್ಣನ ಹತ್ತಿರ, "ಮಗಳು ಓದೀಳಂತೆ, ದಸರಾ ಆದ್ಮೇಲೆ ನಮ್ಮಲ್ಲಿ ಬಿಲ್ ಬರಿಯಾಕೆ ಕಳಿಸು" ಎಂದಿದ್ದರು. ಜಯಣ್ಣ ಕೈಮುಗಿದು ಹೂಂ ಅಂದು ಬಂದಿದ್ದ.

"ಅಪ್ಪಾ, ನನ್ನ ಒಂದು ಮಾತು ಕೇಳ್ಬಾರ್ದಾಗಿತ್ತಾ?"

"ಕೇಳಿದ್ರೆ ನೀನು ಬ್ಯಾಡ ಅಂತಿದ್ದೆ. ಬ್ಯಾಡ ಅಂದಿದ್ರೆ ನಾನು ಯಜಮಾನ್ರ ಮುಂದೆ ಹೋಗಿ ಏನ್ ಹೇಳ್ಲಿ? ದಸರಾ ಗಂಟ ನಿಂದು. ಆಮೇಲೆ ನಂದು."

ಅವನ ನ್ಯಾಯ ಅವನಿಗೆ ಸರಿ. ಇಪ್ಪತ್ತು ವರ್ಷ ಮೂಟೆ ಹೊತ್ತ ಜಾಗದಲ್ಲಿ ಮಗಳು ಕುರ್ಚಿಯ ಮೇಲೆ ಕೂರುತ್ತಾಳೆ ಎಂಬುದು ಅವನ ಪಾಲಿಗೆ ಕಮ್ಮಿ ಮಾತಲ್ಲ. ಅವಳ ನ್ಯಾಯ ಬೇರೆ. ಯಾರೋ ಮಾರಿದ, ಯಾರೋ ಕೊಂಡ ಎಣ್ಣೆ ಡಬ್ಬಗಳ ಲೆಕ್ಕ ಬರೆಯುವುದಕ್ಕೆ ಅವಳು ಓದಿರಲಿಲ್ಲ. ಆಗಿಹೋದದ್ದನ್ನು ಬರೆಯುವುದು ಒಂದು ಕೆಲಸ, ಆಗಲಿರುವುದನ್ನು ಹುಡುಕುವುದು ಇನ್ನೊಂದು. ಅವಳಿಗೆ ಎರಡನೆಯದು ಬೇಕಾಗಿತ್ತು.

ಬೆಳೆಯ ಅಂಕಿ ತರುವುದಕ್ಕೇ ಮೊಳಕಾಲ್ಮೂರಿನ ತಾಲ್ಲೂಕು ಕಚೇರಿಗೆ ನಾಲ್ಕು ಸಲ ಅಲೆದಳು. ಮೊದಲ ಸಲ ಗುಮಾಸ್ತರು ಊಟಕ್ಕೆ ಹೋಗಿದ್ದರು. ಎರಡನೇ ಸಲ ಬೀರು ತೆಗೆಯುವವರು ರಜ. ಮೂರನೇ ಸಲ, "ಇದನ್ನ ಯಾಕಮ್ಮ ಕೇಳ್ತೀಯ, ನೀನು ಪೇಪರಿನವಳಾ?" ಎಂದು ಅನುಮಾನ. ನಾಲ್ಕನೇ ಸಲ ಅವಳು ಬಾಗಿಲಲ್ಲೇ ಕೂತುಬಿಟ್ಟಳು. ಕೊಟ್ಟು ಕಳಿಸುವುದೇ ಸುಲಭ ಎಂದು ಅವರಿಗೆ ಅನ್ನಿಸಿರಬೇಕು, ಬರೆದುಕೊಳ್ಳಲು ಬಿಟ್ಟರು.

ಮಳೆಯ ಅಂಕಿಗೆ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಹಟ್ಟಿಯ ಶಾಲೆಯ ಹಿಂದೆ, ಮುಳ್ಳುಬೇಲಿಯೊಳಗೆ, ಸರ್ಕಾರದವರು ನೆಟ್ಟ ಮಳೆ ಮಾಪಕವಿತ್ತು. ಮೇಲೆ ದುಂಡು ಬಾಯಿ, ಒಳಗೆ ನೀರು ಕೂಡುವ ಶೀಸೆ. ಹಟ್ಟಿಯವರ ಬಾಯಲ್ಲಿ ಅದು ಮಳೆಡಬ್ಬಿ. ಶಾಲೆಯ ಜವಾನ ಪಾತಣ್ಣ ದಿನಾ ಬೆಳಿಗ್ಗೆ ಎಂಟೂವರೆಗೆ ಬೇಲಿ ತೆಗೆದು ಒಳಗೆ ಹೋಗಿ, ಶೀಸೆಯ ನೀರನ್ನು ಗೆರೆ ಕೊರೆದ ಗಾಜಿನ ಅಳತೆಪಾತ್ರೆಗೆ ಸುರಿದು ಪುಸ್ತಕದಲ್ಲಿ ಬರೆಯುತ್ತಿದ್ದ. ತೊಂಬತ್ತನಾಲ್ಕರಿಂದ ಹಬ್ಬವೆನ್ನದೆ, ಭಾನುವಾರವೆನ್ನದೆ, ಜ್ವರ ಬಂದರೂ ತಪ್ಪಿಸಿದವನಲ್ಲ. ಅವನ ಪುಸ್ತಕ ನೋಡಿ ಅವಳಿಗೆ ಕಣ್ಣು ತುಂಬಿತು. ಹತ್ತು ವರ್ಷ, ಒಂದು ದಿನವೂ ಖಾಲಿ ಇಲ್ಲ. ಇಂಥ ಪುಸ್ತಕ ಕಾಲೇಜಿನಲ್ಲಿ ಮೇಷ್ಟರೂ ಕಂಡಿರಲಿಕ್ಕಿಲ್ಲ.

ಎಲ್ಲ ಹೊತ್ತುಕೊಂಡು ಕಂಪ್ಯೂಟರ್ ಸೆಂಟರಿಗೆ ಹೋದಳು. ಅದನ್ನು ನಡೆಸುತ್ತಿದ್ದ ಮಹಾಂತೇಶ್ ಬಂದವರಿಗೆಲ್ಲ ಅಂಗಡಿ ಲೆಕ್ಕ ಬರೆಯುವ ಟ್ಯಾಲಿ ಕಲಿಸುತ್ತಿದ್ದ. ಎಣ್ಣೆ ಮಿಲ್ಲುಗಳ ಊರಿನಲ್ಲಿ ಟ್ಯಾಲಿ ಬಿಟ್ಟು ಇನ್ನೇನಾದರೂ ಕಲಿಯಬೇಕು ಅಂದರೆ ಅವನಿಗೆ ಅದು ಅವಮಾನ ಮಾಡಿದ ಹಾಗೆ.

"ಇದೇನ್ರಿ ಜ್ಯೋತಿಲಕ್ಷ್ಮಿ, ಮೂರು ವಾರದಿಂದ ಬರೀ ಮಳೆ ಹೊಡಿತಾ ಇದೀರಿ? ಟ್ಯಾಲಿ ಕಲೀರಿ. ದಸರಾಕ್ಕೆ ಮಿಲ್‌ನಾಗೆ ಕೂರ್ತೀರಿ."

"ಆ ಸುದ್ದಿ ನಿಮಗೂ ಬಂತಾ ಸರ್?"

"ಶಿವಮೂರ್ತಪ್ಪನವ್ರು ನಮ್ಮ ಸೋದರಮಾವ ಕಣ್ರಿ."

ಅವಳು ಹಲ್ಲು ಕಚ್ಚಿಕೊಂಡು ಅಂಕಿ ಹೊಡೆದಳು. ನೂರಿಪ್ಪತ್ತು ದಿನದ ಅಂಕಿ ಹೊಡೆದು ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು. ಬ್ಯಾಟರಿ ಕೂಂಯ್ ಅಂತ ಅತ್ತು ಸುಮ್ಮನಾಯಿತು. ಹೊಡೆದದ್ದನ್ನು ಅವಳು ಸೇವ್ ಮಾಡಿ ಉಳಿಸಿಕೊಂಡಿರಲಿಲ್ಲ. ಮುಂದಿನ ವಾರ ಮತ್ತೆ ಮೊದಲಿಂದ ಹೊಡೆದಳು. ಆಗ ಹತ್ತು ಸಾಲಿಗೊಮ್ಮೆ ಉಳಿಸಿದಳು. ಅವತ್ತು ಕರೆಂಟು ಹೋಗಲೇ ಇಲ್ಲ.

ಕೊನೆಗೂ ಒಂದು ಸೋಮವಾರ ಎಲ್ಲ ಮುಗಿದು, ಮಳೆ ಒಂದು ಕಡೆ, ಬೆಳೆ ಒಂದು ಕಡೆ ಇಟ್ಟು, ಇಷ್ಟು ಮಳೆಗೆ ಇಷ್ಟು ಶೇಂಗಾ ಎಂಬ ಗೆರೆ ಎಳೆಯಲು ಕಂಪ್ಯೂಟರಿಗೆ ಹೇಳಿದಳು. ಗೆರೆ ಬಂತು. ಎಡಗಡೆ ಮೇಲಿತ್ತು, ಬಲಗಡೆ ಇಳಿಯಿತು. ಅಂದರೆ ಮಳೆ ಹೆಚ್ಚಾದಷ್ಟೂ ಶೇಂಗಾ ಕಡಿಮೆ.

ಅವಳು ಕಣ್ಣು ಉಜ್ಜಿಕೊಂಡು ಮತ್ತೊಮ್ಮೆ ಎಳೆಸಿದಳು. ಗೆರೆ ಮತ್ತೆ ಇಳಿಯಿತು. ಹಿಂದಿನ ವರ್ಷಕ್ಕೆ ಎಕರೆಗೆ ಮೂರೂವರೆ ಕ್ವಿಂಟಾಲ್ ಎಂದು ಹೇಳಿತು. ಹಿಂದಿನ ವರ್ಷ ಹಟ್ಟಿಯಲ್ಲಿ ಎರಡು ಕ್ವಿಂಟಾಲ್ ಕಂಡವನು ಅದೃಷ್ಟವಂತ. ಎಷ್ಟೋ ಜನ ಬಳ್ಳಿಯನ್ನು ದನಕ್ಕೆ ಹಾಕಿದ್ದರು.

ಮಹಾಂತೇಶ್ ಹಿಂದಿನಿಂದ ಬಗ್ಗಿ ನೋಡಿದ. "ಓಹೋ! ಹಂಗಾದ್ರೆ ಮಳೆ ಬರ್ದೇ ಇದ್ರೆ ಒಳ್ಳೇದು ಅಂತಾಯ್ತು. ಇದನ್ನ ಕಳಿಸ್ರಿ ಅನಂತಪುರಕ್ಕೆ, ಸನ್ಮಾನ ಮಾಡ್ತಾರೆ."

ಅವತ್ತು ಸೆಪ್ಟೆಂಬರ್ ಹದಿಮೂರು. ಹದಿನೇಳು ದಿನ ಉಳಿದಿತ್ತು.

ಅವಳಿಗೆ ಮೊದಲು ಅನುಮಾನ ಬಂದದ್ದು ಮೊಳಕಾಲ್ಮೂರಿನ ಗುಮಾಸ್ತರ ಮೇಲೆ. ಬೆಳೆಯ ಅಂಕಿಯನ್ನು ಕೂತಲ್ಲೇ ಬರೆದಿರಬೇಕು ಎಂದುಕೊಂಡು ಐದನೇ ಸಲ ಹೋದಳು. ಅವರು ಕನ್ನಡಕ ತೆಗೆದಿಟ್ಟರು. "ಕೂತಲ್ಲಿ ಬರೆದದ್ದಾ? ನಾಲ್ಕು ಮೂಲೆಗೆ ಗೂಟ ಹೊಡೆದು, ಹಗ್ಗ ಕಟ್ಟಿ, ಒಳಗಿದ್ದ ಶೇಂಗಾ ಕಿತ್ತು ತೂಕ ಮಾಡಿಸೀವಿ. ನಿಮ್ಮ ಹಟ್ಟಿಯೋರೇ ಹಗ್ಗ ಹಿಡ್ದಿದ್ದು. ಹೋಗಿ ಕೇಳು." ಹೋಗಿ ಕೇಳಿದಳು. ಹಗ್ಗ ಹಿಡಿದದ್ದು ನಿಜ. ದಾಸಣ್ಣನೇ ಒಂದು ತುದಿ ಹಿಡಿದಿದ್ದ, ಮಧ್ಯಾಹ್ನ ಮಂಡಕ್ಕಿ ಕೊಟ್ಟದ್ದನ್ನೂ ಹೇಳಿದ.

ಬೆಳೆ ಸರಿ. ಹಾಗಾದರೆ ಮಳೆ.

ಆ ಭಾನುವಾರ ಅವಳು ಪಡಸಾಲೆಯಲ್ಲಿ ಪಾತಣ್ಣನ ಪುಸ್ತಕ ಹರಡಿಕೊಂಡು ಕೂತಳು. ಮೂರು ಬರದ ವರ್ಷಗಳನ್ನು ಎತ್ತಿಕೊಂಡು, ಮಳೆ ಬರೆದ ತಾರೀಖಿಗೆಲ್ಲ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿದಳು. ಎರಡು ಸಾವಿರದ ಮೂರನೇ ಇಸವಿ ಜುಲೈ: ಒಂದನೇ ತಾರೀಖು ಹತ್ತೊಂಬತ್ತು ಮಿಲಿಮೀಟರ್. ಎಂಟಕ್ಕೆ ಇಪ್ಪತ್ತು. ಹದಿನೈದಕ್ಕೆ ಇಪ್ಪತ್ತು. ಇಪ್ಪತ್ತೆರಡಕ್ಕೆ ಹತ್ತೊಂಬತ್ತು. ಇಪ್ಪತ್ತೊಂಬತ್ತಕ್ಕೆ ಇಪ್ಪತ್ತೊಂದು. ಮಧ್ಯದ ದಿನಗಳಲ್ಲಿ ಸೊನ್ನೆ, ಸೊನ್ನೆ, ಸೊನ್ನೆ.

ಏಳು ದಿನಕ್ಕೊಮ್ಮೆ.

ಅದರ ಹಿಂದಿನ ವರ್ಷದ ಜುಲೈ ತೆಗೆದಳು. ಎರಡು, ಒಂಬತ್ತು, ಹದಿನಾರು, ಇಪ್ಪತ್ತಮೂರು, ಮೂವತ್ತು. ಎದ್ದು ಒಳಗೆ ಹೋಗಿ, ಅವ್ವ ಗೋಡೆಯಿಂದ ಕಿತ್ತು ಪೆಟ್ಟಿಗೆಗೆ ಹಾಸಿದ್ದ ಹಳೇ ಕ್ಯಾಲೆಂಡರ್ ಎಳೆದು ನೋಡಿದಳು. ಎಲ್ಲವೂ ಮಂಗಳವಾರ. ಮೋಡಕ್ಕೆ ವಾರ ಗೊತ್ತಾಗುತ್ತದೆಯೇ?

ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಪಾತಣ್ಣನ ಮನೆಗೆ ನಡೆದಳು. ಅವನು ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ರಾಯದುರ್ಗದ ಕಡೆಯಿಂದ ಬಂದವನು, ಮಾತಿನಲ್ಲಿ ಅರ್ಧ ತೆಲುಗು.

"ಮಾವ, ಹೋದ ವರ್ಷ ಆಷಾಢದಾಗೆ ಮಳೆ ಬಂದಿತ್ತಾ?"

"ಯಾಡ್ದಮ್ಮಾ ಮಳೆ? ಒಂದು ಹನಿ ಲೇದು. ಧೂಳು ತಿಂದ್ವಿ."

"ಮತ್ತೆ ಇಲ್ಲಿ ಇಪ್ಪತ್ತು ಮಿಲಿಮೀಟರ್ ಬರ್ದೀಯ! ಐದು ಮಂಗಳವಾರ ಬರ್ದೀಯ!"

"ಇತ್ತು, ಬರ್ದೆ."

"ಏನಿತ್ತು?"

"ಶೀಸೇನಾಗೆ ನೀರಿತ್ತು. ಅಳದೆ. ಇಪ್ಪತ್ತು ಬಂತು. ಬರ್ದೆ." ಅವನು ಎಲೆ ಮಡಚಿ ಬಾಯಿಗಿಟ್ಟುಕೊಂಡ. "ಜೋತಮ್ಮಾ, ಚೂಡು, ಹತ್ತು ವರ್ಷ ಆತು. ಒಂದು ಹನಿ ಹೆಚ್ಚಿಗೆ ಬರ್ದಿಲ್ಲ, ಒಂದು ಹನಿ ಕಮ್ಮಿ ಬರ್ದಿಲ್ಲ. ಶೀಸೇನಾಗೆ ಇದ್ದಿದ್ನ ಬರಿ ಅಂದ್ರು ಸರ್ಕಾರ್ದೋರು. ಮೋಡ ನೋಡಿ ಬರಿ ಅನ್ಲಿಲ್ಲ."

"ಮೋಡ ಇಲ್ದೆ ನೀರು ಎಲ್ಲಿಂದ ಬರ್ತದೆ ಮಾವ? ನಿನಗೆ ಒಂದು ಸತೀನೂ ಅನುಮಾನ ಬರ್ಲಿಲ್ವಾ?"

"ಅನುಮಾನ ಯಾಕೆ? ಯಾರು ಹುಯ್ತಾರೆ ಅಂತ ಗೊತ್ತೈತಲ್ಲ. ನಿಮ್ಮವ್ವನ್ನೇ ಕೇಳು."

ಜ್ಯೋತಿಲಕ್ಷ್ಮಿ ಪುಸ್ತಕ ಮುಚ್ಚಿ ಮನೆಯ ಕಡೆ ತಿರುಗಿದಳು. ಮಳೆಡಬ್ಬಿಯ ಕುತ್ತಿಗೆಗೆ ಅರಿಶಿನ ಕುಂಕುಮ ಇರುವುದನ್ನು ಅವಳೂ ನೂರು ಸಲ ನೋಡಿದ್ದಳು. ಆ ಹಟ್ಟಿಯಲ್ಲಿ ಹಿಟ್ಟಿನ ಗಿರಣಿಯ ಮೋಟರಿಗೂ ಕುಂಕುಮ, ಕರೆಂಟಿನ ಕಂಬಕ್ಕೂ ಕುಂಕುಮ. ಅದನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

ಪಾಲಮ್ಮ ರೊಟ್ಟಿ ತಟ್ಟುತ್ತಿದ್ದಳು. ಮಗಳ ಮುಖ ನೋಡಿ ಕೈ ನಿಲ್ಲಿಸಿದಳು.

"ಅವ್ವಾ, ಮಳೆಡಬ್ಬಿಗೆ ನೀರು ಹಾಕ್ತೀಯಾ?"

"ಹೂಂ ಕಣೆ. ಸೋಮವಾರ ಸಂಜೀಗೆ. ಗುಡಿಗೆ ದೀಪ ಹಚ್ಚಿ ಬರ್ತಾ ಒಂದು ಚೊಂಬು ಹುಯ್ದು ಬರ್ತೀವಿ. ನಾನೊಬ್ಳೇ ಅಲ್ಲ, ಕೊಲ್ಲಾಪುರಮ್ಮಾರೂ ಬರ್ತಾರೆ, ವಾರಕ್ಕೊಬ್ರ ಸರದಿ. ಯಾಕೆ, ಏನಾತು?"

"ಏನಾತಾ?" ಹಾಲು ಉಕ್ಕಿತು. "ನಾನು ಮೂರು ತಿಂಗಳಿಂದ ಬಸ್ಸಾಗೆ ಸಾಯ್ತಿದೀನಿ, ಕರೆಂಟಿಲ್ದೆ ಸಾಯ್ತಿದೀನಿ, ಆ ಮಹಾಂತೇಶ್ ಸರ್ ಹತ್ರ ಉಗಿಸ್ಕೊಂಡು ಸಾಯ್ತಿದೀನಿ. ನೀನು ಇಲ್ಲಿ ಚೊಂಬು ಹಿಡ್ಕಂಡು ಹೋಗಿ ನನ್ನ ಲೆಕ್ಕಕ್ಕೆ ನೀರು ಹುಯ್ತಿದೀಯಾ? ಯಾರೇ ಹೇಳಿದ್ದು ಅದಕ್ಕೆ ನೀರು ಹಾಕು ಅಂತ?"

"ಸರ್ಕಾರದ ಸಾಹೇಬ್ರೇ ತೋರಿಸಿಕೊಟ್ಟಿದ್ದು," ಎಂದಳು ಪಾಲಮ್ಮ. ಮಗಳು ಕೂಗಿದರೂ ಅವಳು ಮಾತು ಬಿಡಲಿಲ್ಲ. "ಡಬ್ಬಿ ನೆಟ್ಟ ದಿವಸ ಸೋಮವಾರ. ಆ ಸಾಹೇಬ್ರು ನನ್ನ ಕೈಯಾಗಿಂದ್ಲೇ ಒಂದು ಚೊಂಬು ನೀರು ಇಸ್ಕಂಡು ಅದರ ಬಾಯಿಗೆ ಹುಯ್ದ್ರು. ಆಮೇಲೆ ಗಾಜಿನ ಲೋಟಕ್ಕೆ ಬಗ್ಗಿಸಿ ನೋಡಿ ತಲೆ ಆಡಿಸಿದ್ರು. ಅವತ್ತು ಸಂಜೀಗೆ ಏನು ಮಳೆ ಅಂತೀಯ! ಹಳ್ಳ ದಾಟಕಾಗ್ಲಿಲ್ಲ."

"ಸೋರ್ತದೋ ಇಲ್ಲೋ ಅಂತ ನೋಡಾಕೆ ಹುಯ್ದಿರ್ತಾರೆ ಕಣವ್ವಾ!"

"ಯಾಕಾದ್ರೂ ಹುಯ್ಲಿ, ಮಳೆ ಬಂತಲ್ಲ. ಅದಾದ್ಮೇಲೆ ನಾವು ಹುಯ್ದಾಗ್ಲೂ ಬಂತು. ತೊಂಬತ್ತೇಳ್ರಾಗೆ ಬಂತು, ಮಾರಣ್ಣನ ಮಗಳ ಮದುವೆ ವರ್ಷ ಬಂತು..."

"ಎಷ್ಟು ಸತಿ ಬರ್ಲಿಲ್ಲ?"

ಪಾಲಮ್ಮ ಮಗಳನ್ನು ವಿಚಿತ್ರವಾಗಿ ನೋಡಿದಳು. "ಬರದೇ ಇದ್ದಿದ್ನ ಯಾರಾದ್ರೂ ಲೆಕ್ಕ ಇಡ್ತಾರೇನೇ?"

"ಮಳೆ ಬಂದ ವಾರಾನೂ ಹಾಕ್ತೀರಾ?"

"ಬಂದ ವಾರ ಯಾಕೆ ಹಾಕ್ತೀವಿ? ಮನೆಗೆ ಬಂದು ಕುಂತೋರ್ನ ಬಾ ಅಂತ ಕರೀತಾರಾ? ಬರ್ದೇ ಇದ್ದ ವಾರ ಅಷ್ಟೇ."

ಜ್ಯೋತಿಲಕ್ಷ್ಮಿ ಒಲೆಯ ಮುಂದೆ ಕೂತಳು. ಮಳೆ ಇಲ್ಲದ ವಾರವೇ ಮಾಪಕಕ್ಕೆ ಮಳೆ. ಒಣಗಿದಷ್ಟೂ ಪುಸ್ತಕ ಒದ್ದೆ. ಕಂಪ್ಯೂಟರು ಪಾಪ ಸುಳ್ಳು ಹೇಳಿರಲಿಲ್ಲ. ಈ ಹಟ್ಟಿಯಲ್ಲಿ ಮಾಪಕದ ನೀರು ಹೆಚ್ಚಾದ ವರ್ಷ ನಿಜವಾಗಿಯೂ ಶೇಂಗಾ ಕಡಿಮೆಯೇ.

"ಈ ವರ್ಷನೂ ಹಾಕ್ತಿದೀರಾ?"

ಪಾಲಮ್ಮ ತಲೆ ತಗ್ಗಿಸಿ ಹೆಂಚಿನ ಮೇಲಿನ ರೊಟ್ಟಿ ತಿರುವಿದಳು. "ಈ ವರ್ಷ ಎಲ್ಡು ಚೊಂಬು. ನೀನು ಮಳೆ ಲೆಕ್ಕ ಮಾಡ್ತೀನಿ ಅಂದ್ಯಲ್ಲ. ಲೆಕ್ಕಕ್ಕೆ ಮಳೆ ಕಮ್ಮಿ ಬಿದ್ರೆ ನಿನ್ನ ಕೆಲ್ಸ ಕೆಡ್ತದೇನೋ ಅಂತ."

ಅವಳು ಎದ್ದು ಹಿತ್ತಲಿಗೆ ಹೋದಳು. ಅಳು ಬರಲಿಲ್ಲ. ನಗುವೂ ಬರಲಿಲ್ಲ. ಬೈಯೋಣವೆಂದರೆ ಬೈಗುಳ ಮುಗಿದುಹೋಗಿತ್ತು.

ಆದರೆ ದಿನ ಮುಗಿಯುತ್ತಿತ್ತು. ಮರುದಿನ ಅವಳು ಚಳ್ಳಕೆರೆ ಬಸ್ಸಿಗೆ ಹೋಗಲಿಲ್ಲ. ಅವ್ವನ ಚೊಂಬು ತೆಗೆದುಕೊಂಡು, ಪಾತಣ್ಣನ ಅಳತೆಪಾತ್ರೆ ಇಸಿದುಕೊಂಡು, ಶಾಲೆಯ ಹಿಂದೆ ಹೆಂಗಸರನ್ನೆಲ್ಲ ಕರೆದು ಕೂರಿಸಿದಳು. ಚೊಂಬು ತುಂಬಿಸಿ ಸುರಿದು ಅಳೆದಳು. ಹತ್ತೊಂಬತ್ತೂವರೆ. ಮತ್ತೆ ತುಂಬಿಸಿದಳು. ಇಪ್ಪತ್ತು.

"ಈಗ ಹೇಳ್ರಿ. ಯಾವ ವರ್ಷ ಯಾರು ಹಾಕಿದ್ರಿ, ಎಷ್ಟು ಹಾಕಿದ್ರಿ?"

ಹೆಂಗಸರಲ್ಲಿ ಹಿರಿಯಳಾದ ಕೊಲ್ಲಾಪುರಮ್ಮ ಸೆರಗು ಸರಿಮಾಡಿಕೊಂಡಳು. "ನಾನು ಹಾಕಿದ್ದು ಚೊಂಬು ತುಂಬ. ಪಾಲಿ ಹಾಕ್ತಿದ್ದಿದ್ದು ಒಂದೀಟು ಕಮ್ಮಿ. ದೇವ್ರ ಕೆಲ್ಸಕ್ಕೂ ಕೈ ಹಿಡಿತ."

"ಯಾರೇ ಕೈ ಹಿಡಿತ? ನಿನ್ನ ಚೊಂಬಿಗೆ ತಗ್ಗು ಬಿದ್ದೈತೆ, ಅದರಾಗೆ ಮುಕ್ಕಾಲು ಹಿಡಿಯಲ್ಲ!"

"ತಗ್ಗು ಬಿದ್ದಿದ್ದು ಹೋದ ವರ್ಷ ಕಣೆ!"

"ಯಾವ ತಿಂಗಳಾಗೆ?" ಎಂದು ಜ್ಯೋತಿಲಕ್ಷ್ಮಿ ಪೆನ್ಸಿಲ್ ಎತ್ತಿದಳು. ಅವಳ ದನಿ ಎಷ್ಟು ಗಟ್ಟಿಯಾಗಿತ್ತೆಂದರೆ ಇಬ್ಬರೂ ಜಗಳ ಬಿಟ್ಟು ಯೋಚನೆಗೆ ಕೂತರು. ಯಾವ ಹಬ್ಬ, ಯಾರ ಬಾಣಂತನ, ಯಾರ ಸಾವು, ಹೀಗೆ ಗುರುತು ಹಿಡಿದು ಹಿಡಿದು, ಸಂಜೆಯೊಳಗೆ ಆ ಮೂರು ಬರದ ವರ್ಷಗಳ ಒಂದೊಂದು ಸೋಮವಾರವೂ ಹೊರಬಿತ್ತು. ಯಾವ ವಾರ ಯಾರು ಮುಟ್ಟಾಗಿ ಹೋಗಿರಲಿಲ್ಲ ಎಂಬುದು ಕೂಡ ಹೆಂಗಸರಿಗೆ ನೆನಪಿತ್ತು. ಆ ವಾರ ನೋಡಿದರೆ ಪಾತಣ್ಣನ ಪುಸ್ತಕದಲ್ಲಿ ಸೊನ್ನೆ.

ಇನ್ನು ಮೇಲೆ ಹಾಕಬೇಡಿ ಎಂದಾಗ ಮಾತ್ರ ಯಾರೂ ಒಪ್ಪಲಿಲ್ಲ. ಡಬ್ಬಿಯ ಪಕ್ಕ ಒಂದು ಕಲ್ಲು ನೆಡುತ್ತೇನೆ, ಅದಕ್ಕೆ ಹಾಕಿ ಎಂದಳು. "ಕಲ್ಲಿಗೆ ಹಾಕಿದ್ರೆ ಸರ್ಕಾರಕ್ಕೆ ಹೆಂಗೆ ಗೊತ್ತಾಗ್ತದೆ?" ಎಂದಳು ಕೊಲ್ಲಾಪುರಮ್ಮ. ಒಂದು ಗಂಟೆ ಹೊಡೆದಾಡಿ, ಕೊನೆಗೆ ನೀರು ಕಲ್ಲಿಗೆ, ಕುಂಕುಮ ಡಬ್ಬಿಗೆ ಎಂದು ರಾಜಿಯಾಯಿತು.

ಗುರುವಾರ ಚಳ್ಳಕೆರೆಗೆ ಹೋಗಿ ಹೆಂಗಸರು ಹುಯ್ದ ನೀರನ್ನೆಲ್ಲ ಕಳೆದಳು. ಗೆರೆ ಈ ಸಲ ಏರಿತು. ಹಿಂದಿನ ವರ್ಷಕ್ಕೆ ಎಕರೆಗೆ ಒಂದು ಕ್ವಿಂಟಾಲ್ ಎಪ್ಪತ್ತು ಕೇಜಿ ಎಂದಿತು. ನಿಜ ಬಂದದ್ದು ಒಂದು ಕ್ವಿಂಟಾಲ್ ಹತ್ತು. ಅರವತ್ತು ಕೇಜಿ ತಪ್ಪು, ಕಮ್ಮಿ ತಪ್ಪೇನಲ್ಲ.

ಮಹಾಂತೇಶ್ ಎಲ್ಲ ಕೇಳಿ ಕುರ್ಚಿಯಲ್ಲಿ ಹಿಂದಕ್ಕೆ ಬಿದ್ದು ನಕ್ಕ. ನಕ್ಕು ಸುಸ್ತಾಗಿ, ಕಣ್ಣೊರೆಸಿಕೊಂಡು, ಈ ಸಲ ನಿಜವಾದ ಕಾಳಜಿಯಿಂದಲೇ ಹೇಳಿದ. "ನೋಡ್ರಿ, ಇದನ್ನ ಬರೀಬೇಡ್ರಿ. ಮಂಗಳವಾರದ ಅಂಕಿ ತೆಗೆದು ಸೊನ್ನೆ ಮಾಡಿ, ಸುಮ್ನೆ ಕಳಿಸ್ರಿ. ಚೊಂಬು, ಸೋಮವಾರ, ಕುಂಕುಮ ಅಂತ ಬರೆದ್ರೆ ನಿಮ್ಮನ್ನ ಯಾವ ಆಫೀಸಿನಾಗೆ ಕೂರಿಸ್ತಾರೆ? ನಿಮ್ಮ ಊರಿಗೇ ಮರ್ಯಾದೆ ಇಲ್ಲ."

ಅವಳಿಗೂ ಅದೇ ಅನ್ನಿಸಿತ್ತು. ಬಸ್ಸಿನಲ್ಲಿ ಬರುತ್ತಾ ಎರಡೂ ಕಡೆ ತೂಗಿ ನೋಡಿದ್ದಳು. ಸೊನ್ನೆ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಪಾತಣ್ಣ ಸೊನ್ನೆ ಬರೆದಿರಲಿಲ್ಲ. ಹತ್ತು ವರ್ಷ ಒಂದು ಹನಿ ತಿದ್ದದವನ ಪುಸ್ತಕವನ್ನು ತಾನು ಒಂದು ಸಂಜೆಯಲ್ಲಿ ತಿದ್ದಿ, ಕಾರಣ ಮುಚ್ಚಿಟ್ಟರೆ, ಆ ಅಂಕಿ ಅವನದೂ ಅಲ್ಲ, ಮಳೆಯದೂ ಅಲ್ಲ.

"ತಪ್ಪು ಯಾಕೆ ಬಂತು ಅಂತ ಬರೀರಿ ಅಂದಾರಲ್ಲ ಸರ್. ಚೊಂಬಿನಿಂದ ಬಂತು. ಅದನ್ನೇ ಬರೀತೀನಿ."

ಬರೆದಳು. ಚೊಂಬು ಎಷ್ಟು ಹಿಡಿಯುತ್ತದೆ, ಯಾರದ್ದಕ್ಕೆ ತಗ್ಗು ಬಿದ್ದಿತ್ತು, ಯಾವ ವಾರ ಯಾಕೆ ಹಾಕಲಿಲ್ಲ, ಎಲ್ಲ. ಇಪ್ಪತ್ತೇಳಕ್ಕೆ ಟಪಾಲಿಗೆ ಹಾಕಿದಳು.

ದಸರಾಕ್ಕೆ ಎಂಟು ದಿನ ಇರುವಾಗ ಅನಂತಪುರದಿಂದ ಸಂದರ್ಶನಕ್ಕೆ ಬಾ ಎಂದು ಕರೆ ಬಂತು. ಹೋದಳು. ಹೊರಗೆ ಬೆಂಚಿನ ಮೇಲೆ ಹನ್ನೊಂದು ಜನ, ಎಲ್ಲರ ಕೈಯಲ್ಲೂ ಬಣ್ಣದ ಗೆರೆಗಳ ವರದಿ. ಒಳಗೆ ಮೂವರು ಕೂತಿದ್ದರು. ನಡುವಿನ ಹಿರಿಯರು ಅವಳ ವರದಿ ತೆರೆದಿಟ್ಟುಕೊಂಡು ತೆಲುಗಿನಲ್ಲಿ ಕೇಳಿದರು. ಅವಳೂ ತೆಲುಗಿನಲ್ಲೇ ಉತ್ತರ ಕೊಟ್ಟಳು.

"ಮಂಗಳವಾರದ ನೀರು ನೀನು ತೆಗೆದುಬಿಟ್ಟೆ. ಉಳಿದ ದಿನದ ನೀರೆಲ್ಲ ಮಳೆಯದ್ದೇ ಅಂತ ಹೇಗೆ ಗೊತ್ತಮ್ಮಾ?"

"ಪೂರ್ತಿ ಗೊತ್ತಿಲ್ಲ ಸರ್. ಹೆಂಗಸರ ನೆನಪೂ ಪುಸ್ತಕವೂ ಎಲ್ಲೆಲ್ಲಿ ತಾಳೆ ಬಿದ್ದವೋ ಅಲ್ಲಿ ನಂಬಿದ್ದೇನೆ. ಅರವತ್ತು ಕೇಜಿ ತಪ್ಪಿನಲ್ಲಿ ಎಷ್ಟು ನನ್ನದು, ಎಷ್ಟು ಅವರದು ಅನ್ನೋದೂ ಗೊತ್ತಿಲ್ಲ."

"ಬೇರೆ ಊರುಗಳ ಮಾಪಕ?"

"ಅದೂ ಗೊತ್ತಿಲ್ಲ. ಹೋಗಿ ನೋಡಬೇಕು."

ಮೂರು ಸಲ ಗೊತ್ತಿಲ್ಲ ಅಂದ ಮೇಲೆ ಮುಗಿಯಿತು ಎಂದುಕೊಂಡು ಹೊರಗೆ ಬಂದಳು. ಮನೆಗೆ ಬಂದು ಅಪ್ಪನಿಗೆ, "ಯಜಮಾನ್ರಿಗೆ ಹೇಳು, ಬರ್ತೀನಿ" ಎಂದೂ ಹೇಳಿಬಿಟ್ಟಳು. ಎರಡು ದಿನ ಊಟ ಸೇರಲಿಲ್ಲ.

ಆಯುಧಪೂಜೆಯ ಹಿಂದಿನ ದಿನ ಕಾಗದ ಬಂತು. ಅವಳನ್ನು ತೆಗೆದುಕೊಂಡಿದ್ದರು. ಓದುತ್ತಾ ಓದುತ್ತಾ ಅವಳ ಹುಬ್ಬು ಗಂಟಿಕ್ಕಿತು.

"ಏನಂತೆ?" ಎಂದ ಜಯಣ್ಣ. ಹಬ್ಬಕ್ಕೆ ರಜೆ ಹಾಕಿ ಬಂದಿದ್ದ.

"ಕೆಲ್ಸ ಕೊಟ್ಟಾರೆ. ಕಂಪ್ಯೂಟರ್ ಮುಂದೆ ಅಲ್ಲ." ಕಾಗದವನ್ನು ಅವನ ಮುಂದೆ ಹಿಡಿದಳು, ಅವನಿಗೆ ಓದಲು ಬಾರದೆಂಬುದೂ ಆ ಸಿಟ್ಟಿನಲ್ಲಿ ಮರೆತಿತ್ತು. "ಮೊದಲ ಆರು ತಿಂಗಳು ನಲವತ್ತೆರಡು ಊರಿನ ಮಳೆಡಬ್ಬಿ ನೋಡ್ಕಂಡು ಬರ್ಬೇಕಂತೆ. ಯಾರ್ಯಾರು ಏನೇನು ಮಾಡ್ತಾರೆ ಅಂತ ಬರ್ಕಂಡು ಬರ್ಬೇಕಂತೆ. ಆಮೇಲೆ ಅಂದಾಜಿನ ಕೆಲ್ಸ ಅಂತೆ. ಇದಕ್ಕಾ ನಾನು ಸಂಖ್ಯಾಶಾಸ್ತ್ರ ಓದಿದ್ದು? ಊರೂರು ಅಲೆಯಾಕೆ?"

ಜಯಣ್ಣ ಕಾಗದವನ್ನು ಮಡಚಿ ಮಗಳ ಕೈಗೆ ಕೊಟ್ಟ. "ಯಜಮಾನ್ರಿಗೆ ನಾಳೆ ಹೋಗಿ ಹೇಳ್ತೀನಿ. ಉಗೀತಾರೆ. ಉಗಿಸ್ಕಂತೀನಿ" ಎಂದ. ಅಷ್ಟೇ.

ನವೆಂಬರ್ ಎರಡನೇ ವಾರ ಅವಳು ಪಟ್ಟಿಯ ಮೊದಲ ಊರಿನಲ್ಲಿ ಬಸ್ಸು ಇಳಿದಳು. ಮಾಪಕ ಪಂಚಾಯಿತಿ ಕಟ್ಟಡದ ಮಹಡಿಯ ಮೇಲೆ ಇದೆಯೆಂದು ಅಲ್ಲಿಯ ಮುದ್ದಪ್ಪ ಎಂಬಾತ ಹೇಳಿದ. ಮಹಡಿಯ ಬಾಗಿಲಿಗೆ ಬೀಗ.

"ಬೀಗದಕೈ ಯಾರ ಹತ್ರ ಐತೆ?"

"ಅಳೆಯೋನ ಹತ್ರ. ಅವನು ನಾಯಕನಹಟ್ಟಿಗೆ ನೆಂಟರ ಮದುವೆಗೆ ಹೋಗ್ಯಾನೆ."

"ಯಾವಾಗ ಹೋದ್ರು?"

"ಆತು, ಒಂದು ವಾರ."

"ಹಂಗಾದ್ರೆ ಈ ವಾರದ ಮಳೆ ಯಾರು ಬರೀತಾ ಇದಾರೆ?"

ಮುದ್ದಪ್ಪನಿಗೆ ಅದು ಕೇಳುವ ಮಾತೇ ಅನ್ನಿಸಲಿಲ್ಲ. "ಹೋಗೋಕ್ ಮುಂಚೆನೇ ಬರ್ದಿಟ್ಟು ಹೋಗ್ಯಾನಲ್ಲ."

ಜ್ಯೋತಿಲಕ್ಷ್ಮಿ ಕಣ್ಣು ಮುಚ್ಚಿ, ಒಂದರಿಂದ ಹತ್ತರವರೆಗೆ ಎಣಿಸಿದಳು. ಆಮೇಲೆ ಮೆಟ್ಟಿಲ ಮೇಲೆ ಕೂತು, ಚೀಲದಿಂದ ಹೊಸ ಪುಸ್ತಕ ತೆಗೆದು, ಊರಿನ ಹೆಸರು ಬರೆದು, ಕೆಳಗೆ ತಾರೀಖು ಹಾಕಿದಳು.

"ಕುಂತ್ಕಳ್ರಿ ಮಾವ," ಎಂದಳು. "ಏನೇನು ಬರ್ದಿಟ್ಟು ಹೋಗ್ಯಾರೆ, ಒಂದೊಂದಾಗಿ ಹೇಳ್ರಿ."